ಗೋಡೆಯ ಪಟಗಳೂ ಮನೆಯ ಪೀಠೋಪಕರಣಗಳೂ



ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳು ಹೊಸದಾಗಿ ಸಂಸಾರ ಹೂಡಿದಾಗ ನನ್ನನ್ನು ಮರೆಯದೆ ಕರೆಯುವರು. ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ ಜೆ. ಪಿ. ನಗರದಲ್ಲಿಯೋ ಅವರ ಮನೆಗೆ ಹೋಗಿ ಊಟ ಮುಗಿಸಿದ ಮೇಲೆ, ಅವರು ಕೋಣೆಗಳನ್ನೆಲ್ಲಾ ತೋರಿಸಿ, ಕಡೆಗೆ ನಡುಮನೆಯಲ್ಲಿ ನಿಂತು, “ಮಿಸ್, ಈ ಗೋಡೆ ಬರಿದಾಗಿದೆ. ಇಲ್ಲಿ ಏನು ಹಾಕಲಿ? ಎಷ್ಟು ಎತ್ತರಕ್ಕೆ ಹಾಕಲಿ?” ಎಂದು ಕೇಳುವರು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಿದ ಉತ್ತರವನ್ನು ಒಂದು ಪಾಠದ ರೂಪದಲ್ಲಿ ಇಲ್ಲಿ ಬರೆದಿರುವೆನು.

ಇದು ಅಲ್ಪ ವಿಷಯವೆಂದು ಕೆಲವರು ಭಾವಿಸಬಹುದು. ವಿಚಾರ ಮಾಡಿ ನೋಡಿದರೆ ಹಾಗಲ್ಲ. ಈ ಮನೆಯವರು ಯಾರನ್ನು ನೆನೆಯುತ್ತಾರೆ, ಯಾವುದನ್ನು ಮೆಚ್ಚುತ್ತಾರೆ ಎಂಬುದನ್ನು ಬಂದ ಅತಿಥಿಯು ಮೊದಲು ಗೋಡೆಯಿಂದ ತಿಳಿಯುವನು. ಮನೆಯಲ್ಲಿ ಬೆಳೆಯುವ ಮಗುವೂ ಹಾಗೆಯೇ ತಿಳಿಯುವುದು. ಮೇಲಾಗಿ, ತಕ್ಕದ್ದಲ್ಲದ ಸ್ಥಳದಲ್ಲಿ ತೂಗುಹಾಕಿದ ಪಟದಿಂದ ಉಂಟಾಗುವ ನಷ್ಟವು ಕೆಲವು ವೇಳೆ ಮರಳಿ ತುಂಬಿಕೊಳ್ಳಲಾಗದ್ದು. ಅಂತಹ ನಷ್ಟವೊಂದನ್ನು ನಾನೇ ಮಾಡಿಕೊಂಡಿರುವೆನು. ಅದನ್ನು ಮುಂದೆ ಹೇಳುವೆನು.

೧. ಹಿಂದಿನ ಪದ್ಧತಿ

ನಮ್ಮ ನಾಡಿನಲ್ಲಿ ಚೌಕಟ್ಟಿನ ಪಟಗಳು ಬರುವುದಕ್ಕೆ ಬಹುಕಾಲ ಮುಂಚೆಯೇ ಗೋಡೆಗೆ ಅಲಂಕಾರವಿತ್ತು. ಮಲೆನಾಡಿನ ಸಾಗರದ ಕಡೆಯಲ್ಲಿ ದೀವರ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳುಪಿನಿಂದ ಹಸೆ ಚಿತ್ತಾರವನ್ನು ಬರೆಯುವರು. ಪುಂಡಿ ನಾರಿನ ಕುಂಚ, ಸುಟ್ಟ ಅಕ್ಕಿಯ ಕಪ್ಪು, ಕೆಮ್ಮಣ್ಣಿನ ಕೆಂಪು, ಇವೇ ಅವರ ಸಾಮಗ್ರಿ. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವ ಸ್ಥಳದ ಹಿಂದಿನ ಗೋಡೆಯಲ್ಲಿ ಈ ಚಿತ್ತಾರವಿರುವುದು. ಇಲ್ಲಿ ಒಂದು ಮುಖ್ಯವಾದ ಸೂತ್ರ ಅಡಗಿದೆ. ಜನರು ಎಲ್ಲಿ ಕುಳಿತುಕೊಳ್ಳುವರೋ ಅದಕ್ಕೆ ಸಂಬಂಧಪಟ್ಟಂತೆ ಚಿತ್ರವಿರಬೇಕು.

ತರುವಾಯ ಅಚ್ಚಿನ ಪಟಗಳು ಬಂದವು. ರಾಜಾ ರವಿವರ್ಮರು ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ಮೇಲೆ ಸಾಮಾನ್ಯರ ಮನೆಗಳಿಗೂ ಬಣ್ಣದ ಪಟಗಳು ದೊರೆತವು. ಆಗಿನ ಮನೆಗಳಲ್ಲಿ ಚಾಪೆಯೇ ಆಸನ. ಪಟಗಳನ್ನೂ ಹಿರಿಯರ ಭಾವಚಿತ್ರಗಳನ್ನೂ ಬಾಗಿಲಿನ ಮೇಲೆ, ತೊಲೆಯ ಕೆಳಗೆ, ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು. ಬಾಗಿಸುವುದಕ್ಕೆ ಕಾರಣವುಂಟು. ನೆಲದ ಮೇಲೆ ಕುಳಿತವನು ತಲೆಯೆತ್ತಿದರೆ ಮುಖವು ನೇರವಾಗಿ ಕಾಣುವುದು. ಗಾಜಿನಲ್ಲಿ ಕಿಟಕಿಯ ಬೆಳಕು ಮಿಂಚುವುದಿಲ್ಲ.

೧೯೪೮ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರ್ಯರು ಜಯನಗರಕ್ಕೆ ಅಸ್ತಿಭಾರವನ್ನು ಹಾಕಿದರು. ಅಲ್ಲಿಂದ ಈಚೆಗೆ ಈ ದಕ್ಷಿಣ ಭಾಗದಲ್ಲಿ ೩೦ ಅಡಿಗೆ ೪೦, ೪೦ ಅಡಿಗೆ ೬೦ ಎಂಬ ಅಳತೆಯ ನಿವೇಶನಗಳಲ್ಲಿ ಮನೆಗಳೆದ್ದವು. ಈಗ ಅಂತಸ್ತಿನ ಮೇಲೆ ಅಂತಸ್ತಾಗಿ ವಠಾರಗಳೂ ಫ್ಲಾಟುಗಳೂ ತುಂಬಿವೆ. ಚಾಪೆಯ ಸ್ಥಾನಕ್ಕೆ ಸೋಫಾ, ದಿವಾನ, ಊಟದ ಮೇಜು, ಬೀರು ಬಂದಿವೆ. ಪಟಗಳನ್ನು ಮಾತ್ರ ಅನೇಕರು ಈಗಲೂ ಹಳೆಯ ಎತ್ತರಕ್ಕೇ ಹೊಡೆಯುವರು. ಆದುದರಿಂದ ಕೆಳಗೆ ಪೀಠೋಪಕರಣವೊಂದು ಕಡೆ, ಮೇಲೆ ಪಟವೊಂದು ಕಡೆ, ನಡುವೆ ಬರಿಯ ಗೋಡೆ ಎಂಬಂತಾಗುವುದು.

೨. ಯಾವುದನ್ನು ಹಾಕಬೇಕು

ಅಂಗಡಿಗೆ ಹೋಗುವುದಕ್ಕಿಂತ ಮುಂಚೆ ಮನೆಯ ಪೆಟ್ಟಿಗೆಗಳನ್ನು ತೆರೆದು ನೋಡತಕ್ಕದ್ದು. ಇದಕ್ಕೆ ಒಂದು ಉದಾಹರಣೆಯನ್ನು ಕೊಡುವೆನು.

ಬನಶಂಕರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೂದುಬಣ್ಣದ ಹೊಸ ಸೋಫಾವನ್ನು ಕೊಂಡು, ಅದರ ಮೇಲಣ ಗೋಡೆಗೆ ಯಾವುದೋ ಪರದೇಶದ ಪಟ್ಟಣದ ಅಚ್ಚುಚಿತ್ರವನ್ನು ತರಿಸಬೇಕೆಂದಿದ್ದಳು. ಅವಳ ಅತ್ತೆಯವರು ಧಾರವಾಡದ ಕಡೆಯವರು. ಮಾತಿನ ನಡುವೆ, ಅವರು ಮದುವೆಗೆ ಮುಂಚೆ ಚಂದ್ರಕಾಳಿ ಸೀರೆಯೊಂದಕ್ಕೆ ಕಸೂತಿ ಹಾಕಿದ್ದರೆಂದೂ, ಸೀರೆ ಹರಿದ ಮೇಲೆ ಆ ಸೆರಗಿನ ತುಂಡು ಪೆಟ್ಟಿಗೆಯಲ್ಲಿದೆಯೆಂದೂ ತಿಳಿಯಿತು. ತೋರಿಸಿರೆಂದು ಬೇಡಿದೆನು. “ಅದು ಪೆಟ್ಟಿಗ್ಯಾಗ ಇರ್ಲಿ ಬಿಡ್ರಿ ಬಾಯಾರ. ಹೊಸಾ ಮನಿಗೆ ಹಳೇ ಅರಬಿ ಯಾಕ?” ಎಂದರು. ಆದಾಗ್ಯೂ ಸೊಸೆಯು ಹೋಗಿ ತಂದಳು. ಕಪ್ಪು ನೆಲದ ಮೇಲೆ ಗೋಪುರ, ತೇರು, ಆನೆ! ಎಳೆಯೆಳೆಯನ್ನೂ ಎಣಿಸಿ, ಗಂಟು ಹಾಕದೆ, ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದಲೂ ಹಾಕಿದ ಕೆಲಸ. ಸೊಸೆಯು ಅದನ್ನು ಕೈಯಲ್ಲಿ ಹಿಡಿದುಕೊಂಡು, “ಅತ್ತೀ, ಇದನ್ನು ನೀವು ಇಷ್ಟು ವರ್ಷ ಯಾಕೆ ತೋರಿಸಲಿಲ್ಲ?” ಎಂದಳು. “ಯಾರೂ ಕೇಳಲಿಲ್ಲವಾ” ಎಂದು ಅವರು ಉತ್ತರ ಕೊಟ್ಟರು.

ಪರದೇಶದ ಪಟ್ಟಣವು ಆ ಮನೆಗೆ ಬರಲಿಲ್ಲ. ಕಸೂತಿಗೇ ಕಟ್ಟು ಹಾಕಿಸಿದರು. ಬಂದವರೆಲ್ಲರೂ ಇದು ಯಾರ ಕೈಕೆಲಸವೆಂದು ಕೇಳುವರು. ಆ ಪ್ರಶ್ನೆಗಾಗಿಯೇ ಅತ್ತೆಯವರು ಸಾಯಂಕಾಲ ಹತ್ತಿರದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವರೆಂದು ಸೊಸೆಯು ನಗುತ್ತಾ ಹೇಳಿದಳು.

ಮನೆಯಲ್ಲಿ ಇಂತಹದು ಇಲ್ಲದಿದ್ದರೆ ಕೊಳ್ಳಬಹುದು. ಪ್ರತಿ ವರ್ಷದ ಆರಂಭದಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು ನಡೆಸುವ ಚಿತ್ರಸಂತೆಯಲ್ಲಿ ಚಿತ್ರಕಾರರಿಂದಲೇ ನೇರವಾಗಿ ಚಿತ್ರಗಳು ದೊರೆಯುವುವು. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕಿನ ಕೆಲಸವು ತೆಳ್ಳಗೂ ನಯವಾಗಿಯೂ ಇರುವುದರಿಂದ ಅವುಗಳನ್ನು ಹತ್ತಿರದಿಂದ ನೋಡಬೇಕು. ಬಾಗಿಲಿನ ಮೇಲೆ ಹಾಕಿದರೆ ಆ ಶ್ರಮವೆಲ್ಲಾ ವ್ಯರ್ಥವು.

೩. ಅಳತೆ

ಅಳತೆಯ ಸೂತ್ರಗಳು ಮೂರು. ಇವುಗಳನ್ನು ಬಾಯಿಪಾಠ ಮಾಡಿಕೊಂಡರೆ ಸಾಕು.

ಮೊದಲನೆಯದು, ಬರಿಯ ಗೋಡೆಗೆ. ಓಡಾಡುವ ಸ್ಥಳದಲ್ಲಿ, ಕೆಳಗೆ ಪೀಠೋಪಕರಣವಿಲ್ಲದ ಗೋಡೆಯಲ್ಲಿ, ಪಟದ ಮಧ್ಯಬಿಂದುವು ನೆಲದಿಂದ ೫೭ ಅಂಗುಲದಲ್ಲಿರಲಿ. ಅಂದರೆ ನಾಲ್ಕೂ ಮುಕ್ಕಾಲು ಅಡಿ. ಐದಡಿಗೆ ತುಸು ಮೇಲಿರುವ ನಮ್ಮ ಹೆಂಗಸರ ಕಣ್ಣಿನ ಎತ್ತರವೂ ಹೆಚ್ಚು ಕಡಮೆ ಇಷ್ಟೇ. ಮೊಳೆಯನ್ನು ಎಲ್ಲಿ ಹೊಡೆಯಬೇಕೆಂಬುದನ್ನು ಲೆಕ್ಕದಿಂದ ಕಂಡುಹಿಡಿಯಬೇಕು. ಪಟದ ಎತ್ತರ ೨೦ ಅಂಗುಲವೆನ್ನೋಣ. ಅದರ ಅರ್ಧ ೧೦. ದಾರವನ್ನು ಬಿಗಿಯಾಗಿ ಮೇಲಕ್ಕೆಳೆದಾಗ ಅದರ ತುದಿಯು ಚೌಕಟ್ಟಿನ ಮೇಲಂಚಿನಿಂದ ೩ ಅಂಗುಲ ಕೆಳಗಿರುವುದು. ಆಗ ೫೭ಕ್ಕೆ ೧೦ನ್ನು ಕೂಡಿಸಿ ೩ನ್ನು ಕಳೆಯಿರಿ. ಮೊಳೆಯು ೬೪ ಅಂಗುಲದಲ್ಲಿ ಬರತಕ್ಕದ್ದು.

ಎರಡನೆಯದು, ಪೀಠೋಪಕರಣದ ಮೇಲಣ ಗೋಡೆಗೆ. ಇಲ್ಲಿ ೫೭ರ ಸೂತ್ರವನ್ನು ಬಿಡಬೇಕು. ಸೋಫಾದ ಬೆನ್ನಿನ ಅಂಚಿಗೂ ಪಟದ ಕೆಳಂಚಿಗೂ ಆರರಿಂದ ಎಂಟು ಅಂಗುಲದ ಅಂತರವಿರಲಿ. ಇದಕ್ಕಿಂತ ಕಡಮೆಯಾದರೆ ಕುಳಿತವರ ತಲೆ ತಗಲುವುದು. ಬಹಳ ಹೆಚ್ಚಾದರೆ ಪಟವು ಸೋಫಾವನ್ನು ಬಿಟ್ಟು ಮೇಲಕ್ಕೆ ಹೋದಂತೆ ತೋರುವುದು.

ಮೂರನೆಯದು, ಅಗಲಕ್ಕೆ. ಪಟದ ಅಥವಾ ಪಟಗಳ ಗುಂಪಿನ ಒಟ್ಟು ಅಗಲವು ಕೆಳಗಿನ ಪೀಠೋಪಕರಣದ ಅಗಲದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟಿರಲಿ. ಗುಂಪಿನೊಳಗಿನ ಪಟಗಳ ನಡುವೆ ಎರಡು ಮೂರು ಅಂಗುಲ ಬಿಟ್ಟರೆ ಸಾಕು; ಹೆಚ್ಚು ಬಿಟ್ಟರೆ ಗುಂಪು ಒಡೆಯುವುದು.

ಬನಶಂಕರಿಯ ಮನೆಯಲ್ಲಿ ಈ ಸೂತ್ರಗಳನ್ನು ಹೀಗೆ ನಡೆಯಿಸಿದೆವು. ಸೋಫಾದ ಅಗಲ ೬ ಅಡಿ, ಅಂದರೆ ೭೨ ಅಂಗುಲ; ಅದರ ಮೂರರಲ್ಲಿ ಎರಡು ಪಾಲು ೪೮. ಕಟ್ಟು ಹಾಕಿದ ಕಸೂತಿಯ ಅಗಲ ೨೬. ಅದೊಂದೇ ಆದರೆ ಚಿಕ್ಕದಾಗುತ್ತಿತ್ತು. ಆದುದರಿಂದ ಎರಡು ಪಕ್ಕಗಳಲ್ಲಿಯೂ ೮ ಅಂಗುಲ ಅಗಲದ ಎರಡು ಭಾವಚಿತ್ರಗಳನ್ನಿಟ್ಟು, ನಡುವೆ ಮೂರು ಮೂರು ಅಂಗುಲ ಬಿಟ್ಟೆವು. ೨೬, ೧೬, ೬ ಸೇರಿ ೪೮ ಆಯಿತು. ಸೋಫಾದ ಬೆನ್ನು ನೆಲದಿಂದ ೩೪ ಅಂಗುಲ; ೮ ಅಂಗುಲ ಬಿಟ್ಟು ಕಸೂತಿಯ ಕೆಳಂಚು ೪೨ರಲ್ಲಿ ಬಂದಿತು. ಅದರ ಎತ್ತರ ೧೮ ಆದುದರಿಂದ ಮಧ್ಯವು ೫೧. ಪಕ್ಕದ ಚಿಕ್ಕ ಪಟಗಳ ಮಧ್ಯವನ್ನೂ ಅದೇ ೫೧ರ ಗೆರೆಯಲ್ಲಿಯೇ ನಿಲ್ಲಿಸಿದೆವು.

ಮೊಳೆ ಹೊಡೆಯುವುದಕ್ಕೆ ಮುಂಚೆ ಒಂದು ಉಪಾಯವನ್ನು ಮಾಡತಕ್ಕದ್ದು. ಹಳೆಯ ವೃತ್ತಪತ್ರಿಕೆಗಳನ್ನು ಪಟಗಳ ಅಳತೆಗೆ ಕತ್ತರಿಸಿ, ಗೋಡೆಗೆ ಮೆಲ್ಲಗೆ ಅಂಟಿಸಿ, ಒಂದು ದಿನವೆಲ್ಲಾ ಹಾಗೆಯೇ ಬಿಡಿರಿ. ಬಾಗಿಲಿನಿಂದ ನೋಡಿರಿ, ಕುಳಿತು ನೋಡಿರಿ, ರಾತ್ರಿ ದೀಪ ಹಚ್ಚಿ ನೋಡಿರಿ. ಕಾಗದವನ್ನು ಎಷ್ಟು ಸಲವಾದರೂ ಕೀಳಬಹುದು. ಗೋಡೆಯ ರಂಧ್ರವನ್ನು ಮುಚ್ಚುವುದು ಕಷ್ಟ.

೪. ಗೋಡೆಯೂ ಮೊಳೆಯೂ

ಗೋಡೆಯ ಸ್ವಭಾವವನ್ನು ಅರಿಯದೆ ಮೊಳೆ ಹೊಡೆಯಬಾರದು. ಹಳೆಯ ಮನೆಗಳ ಸುಟ್ಟ ಇಟ್ಟಿಗೆಯ ದಪ್ಪ ಗೋಡೆಯಲ್ಲಿ ಹಗುರವಾದ ಪಟಕ್ಕೆ ಉಕ್ಕಿನ ಮೊಳೆಯೊಂದೇ ಸಾಕಾಗಬಹುದು. ಈಗಿನ ಫ್ಲಾಟುಗಳಲ್ಲಿ ಕಂಬ ಮತ್ತು ತೊಲೆಗಳು ಕಾಂಕ್ರೀಟು. ಅಲ್ಲಿ ಮೊಳೆಯು ಬಾಗುವುದು, ಗಾರೆಯು ಉದುರುವುದು. ನಡುವಣ ಗೋಡೆಗಳು ಸಿಮೆಂಟಿನ ಬ್ಲಾಕು. ಅವು ಟೊಳ್ಳಾಗಿದ್ದರೆ ಬರಿಯ ಮೊಳೆಯು ನಿಲ್ಲದು. ಇಂತಹ ಕಡೆ ಡ್ರಿಲ್ಲಿನಿಂದ ರಂಧ್ರ ಕೊರೆದು, ರಾಲ್‌ಪ್ಲಗ್ಗನ್ನು ಕೂಡಿಸಿ, ಅದರೊಳಕ್ಕೆ ಸ್ಕ್ರೂವನ್ನು ತಿರುಗಿಸಬೇಕು. ಸ್ಕ್ರೂ ಒಳಹೋದಂತೆ ಪ್ಲಗ್ಗು ಅಗಲವಾಗಿ ರಂಧ್ರದ ಪಕ್ಕಗಳನ್ನು ಬಿಗಿಯಾಗಿ ಹಿಡಿಯುವುದು.

ಸ್ವಿಚ್ಚಿನ ನೇರ ಮೇಲೆಯೂ ನೇರ ಕೆಳಗೂ ಕೊರೆಯಲೇಬಾರದು. ವಿದ್ಯುತ್ತಿನ ತಂತಿಗಳು ಸಾಮಾನ್ಯವಾಗಿ ಆ ಗೆರೆಯಲ್ಲಿಯೇ ಗೋಡೆಯೊಳಗೆ ಹೋಗುವುವು. ಸ್ನಾನದ ಮನೆಗೆ ಸೇರಿದ ಗೋಡೆಯಲ್ಲಿ ನೀರಿನ ಕೊಳವೆಗಳಿರುವುವು.

ಭಾರವನ್ನೂ ಗಣಿಸಬೇಕು. ಎರಡಡಿಗೆ ಮೂರಡಿಯ ಪಟದಲ್ಲಿ ಎರಡು ಮಿಲಿಮೀಟರು ದಪ್ಪದ ಗಾಜೇ ಸುಮಾರು ಮೂರು ಕಿಲೋಗ್ರಾಂ ತೂಗುವುದು, ಚೌಕಟ್ಟು ಬೇರೆ. ಇಂತಹ ಪಟವನ್ನು ತೊಟ್ಟಿಲಿನ ಮೇಲಾಗಲಿ ಮಂಚದ ತಲೆಯ ಕಡೆಯಾಗಲಿ ಹಾಕಬಾರದು. ದೊಡ್ಡ ಪಟಕ್ಕೆ ಎರಡು ಕೊಕ್ಕೆಗಳಿರಲಿ. ಒಂದು ಸಡಿಲವಾದರೂ ಇನ್ನೊಂದು ಹಿಡಿಯುವುದು, ಪಟವೂ ವಾರೆಯಾಗದು.

ದಾರದ ವಿಷಯದಲ್ಲಿ ನೀವು ಶಾಲೆಯಲ್ಲಿ ಕಲಿತ ಭೌತಶಾಸ್ತ್ರವು ಉಪಯೋಗಕ್ಕೆ ಬರುವುದು. ದಾರವು ಕಾಣಬಾರದೆಂದು ಅದನ್ನು ಬಹಳ ಬಿಗಿಯಾಗಿ, ಅಡ್ಡಗೆರೆಯಂತೆ ಕಟ್ಟುವವರುಂಟು. ದಾರವು ಅಡ್ಡಗೆರೆಗೆ ೩೦ ಡಿಗ್ರಿಯ ಕೋನದಲ್ಲಿದ್ದರೆ ಮೊಳೆಯ ಎರಡು ಕಡೆಗಳಲ್ಲಿಯೂ ಒಂದೊಂದು ಎಳೆಯ ಮೇಲೆ ಪಟದ ಪೂರ್ಣ ಭಾರದಷ್ಟು ಎಳೆತ ಬೀಳುವುದು. ಕೋನವು ೧೦ ಡಿಗ್ರಿಯಾದರೆ ಆ ಎಳೆತವು ಭಾರದ ಸುಮಾರು ಮೂರರಷ್ಟಾಗುವುದು. ಆದುದರಿಂದ ದಾರಕ್ಕೆ ಸ್ವಲ್ಪ ಸಡಿಲು ಕೊಡಿರಿ.

೫. ಬೆಳಕೂ ತೇವವೂ

ಮೊದಲು ಹೇಳಿದ ನನ್ನ ನಷ್ಟವನ್ನು ಇನ್ನು ಹೇಳುವೆನು.

ನನ್ನ ತಾಯಿಯವರದು ಒಂದೇ ಒಂದು ಬಣ್ಣದ ಭಾವಚಿತ್ರವಿತ್ತು. ೧೯೮೬ರಲ್ಲಿ ತೆಗೆಸಿದ್ದು, ಹಸುರು ಸೀರೆಯನ್ನುಟ್ಟು, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದರು. ಅವರು ತೀರಿಕೊಂಡ ಮೇಲೆ ನಾನು ಅದಕ್ಕೆ ಒಳ್ಳೆಯ ಕಟ್ಟು ಹಾಕಿಸಿ, ಎಲ್ಲರಿಗೂ ಚೆನ್ನಾಗಿ ಕಾಣಲೆಂದು, ಪಶ್ಚಿಮದ ಕಿಟಕಿಗೆ ಎದುರಾದ ಗೋಡೆಯಲ್ಲಿ ಸೋಫಾದ ಮೇಲೆ ತೂಗುಹಾಕಿದೆನು. ಅಳತೆಯೆಲ್ಲಾ ಸರಿಯಾಗಿತ್ತು. ಹದಿನಾಲ್ಕು ವರ್ಷ ದಿನವೂ ನೋಡಿದೆನು. ದಿನವೂ ನೋಡುವವರಿಗೆ ಬಣ್ಣವು ಮಾಸುವುದು ತಿಳಿಯದು. ಬಹುಕಾಲದ ಮೇಲೆ ಮನೆಗೆ ಬಂದ ನನ್ನ ತಂಗಿಯು ಅದರ ಮುಂದೆ ನಿಂತು, “ಅಕ್ಕಾ, ಅಮ್ಮನ ಆ ಸೀರೆ ಹಸುರಲ್ಲವೇ?” ಎಂದಳು. ಆಗ ನೋಡಿದೆನು. ಸೀರೆಯು ಒಣಹುಲ್ಲಿನ ಬಣ್ಣವಾಗಿತ್ತು. ಮುಖದಲ್ಲಿ ಕಣ್ಣುಗಳು ಹೊರತು ಉಳಿದುದೆಲ್ಲಾ ಮಸುಕಾಗಿತ್ತು. ಕಟ್ಟನ್ನು ಬಿಚ್ಚಿದಾಗ, ಚೌಕಟ್ಟಿನ ಅಂಚಿನ ಕೆಳಗೆ ಬೆಳಕು ಬೀಳದೆ ಇದ್ದ ಕಿರುಬೆರಳಿನಷ್ಟು ಅಗಲದ ಪಟ್ಟಿಯಲ್ಲಿ ಮಾತ್ರ ಸೀರೆಯು ಮೊದಲಿನಂತೆ ಹಸುರಾಗಿಯೇ ಇತ್ತು. ನೆಗೆಟಿವ್ ಎಲ್ಲಿಯೂ ಸಿಕ್ಕಲಿಲ್ಲ.

ಇದಕ್ಕೆ ಕಾರಣವನ್ನು ತಿಳಿಯಿರಿ. ಬೆಳಕಿನ ಶಕ್ತಿಯು, ವಿಶೇಷವಾಗಿ ನೇರಳಾತೀತ ಕಿರಣಗಳು, ಬಣ್ಣದ ಅಣುಗಳನ್ನು ಒಡೆಯುವುವು. ಈ ಹಾನಿಯು ದಿನದಿನಕ್ಕೂ ಕೂಡುತ್ತಾ ಹೋಗುವುದು. ಪಟವನ್ನು ಆಮೇಲೆ ಕತ್ತಲಲ್ಲಿಟ್ಟರೂ ಹೋದ ಬಣ್ಣ ಮರಳಿ ಬಾರದು. ವಸ್ತುಸಂಗ್ರಹಾಲಯಗಳಲ್ಲಿ ನೀರುಬಣ್ಣದ ಚಿತ್ರಗಳಿಗೂ ಬಟ್ಟೆಗಳಿಗೂ ಸುಮಾರು ೫೦ ಲಕ್ಸ್ ಬೆಳಕನ್ನು ಮಾತ್ರ ಬಿಡುವರು. ನೇರ ಬಿಸಿಲಿನಲ್ಲಿ ಒಂದು ಲಕ್ಷ ಲಕ್ಸಿನಷ್ಟು ಬೆಳಕುಂಟು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪವನ್ನು ಹಿಡಿದ ಹೆಣ್ಣಿನ ಪ್ರಸಿದ್ಧ ಚಿತ್ರವನ್ನು ಪ್ರವಾಸದಲ್ಲಿ ನಿಮ್ಮಲ್ಲಿ ಅನೇಕರು ನೋಡಿರುವಿರಿ. ಅದನ್ನು ರವಿವರ್ಮರದೆಂದು ಹಲವರು ತಪ್ಪಾಗಿ ಹೇಳುವರು; ಬರೆದವರು ಎಸ್. ಎಲ್. ಹಳದಣಕರರು, ನೀರುಬಣ್ಣದಲ್ಲಿ. ಅದನ್ನು ಕತ್ತಲು ಮಾಡಿದ ಸ್ಥಳದಲ್ಲಿ ತೋರಿಸುತ್ತಿದ್ದುದರಿಂದ ದೀಪದ ಹೊಳಪು ಹೆಚ್ಚಾಗಿ ಕಾಣುತ್ತಿತ್ತು. ಅಂತಹ ಮಂದ ಬೆಳಕು ನೀರುಬಣ್ಣಕ್ಕೆ ಹಿತವೂ ಹೌದು.

ಹೀಗಿರಲಾಗಿ, ಪಶ್ಚಿಮದ ಕಿಟಕಿಯ ಎದುರು ಬೆಲೆಯುಳ್ಳ ಪಟವನ್ನು ಹಾಕಬೇಡಿರಿ. ದಕ್ಷಿಣದ ಕಿಟಕಿಯಿಂದಲೂ ಡಿಸೆಂಬರಿನಲ್ಲಿ ಬಿಸಿಲು ಬಹಳ ಒಳಕ್ಕೆ ಬರುವುದೆಂಬುದು ನೆನಪಿರಲಿ. ಕಿಟಕಿಯಿರುವ ಗೋಡೆಯಲ್ಲಿಯೇ, ಕಿಟಕಿಯ ಪಕ್ಕದಲ್ಲಿ ಹಾಕಿದ ಪಟಕ್ಕೆ ನೇರ ಬಿಸಿಲು ತಗಲುವುದು ಕಡಮೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಒಂದು ಪ್ರತಿಯಿರುವ ಭಾವಚಿತ್ರವನ್ನು ಸ್ಕ್ಯಾನು ಮಾಡಿಸಿ, ನಕಲನ್ನು ಗೋಡೆಗೆ ಹಾಕಿ, ಮೂಲವನ್ನು ಕಾಗದದ ಲಕೋಟೆಯಲ್ಲಿಟ್ಟು ಬೀರುವಿನಲ್ಲಿಡಿರಿ. ನಕಲು ಮಾಸಿದರೆ ಇನ್ನೊಂದನ್ನು ತೆಗೆಸಬಹುದು.

ತೇವವೂ ಶತ್ರುವೇ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಹೊರಗೋಡೆಗಳು ಆಗ ನೀರು ಕುಡಿಯುವುವು. ಚೌಕಟ್ಟಿನ ಹಿಂದೆ, ಕೆಳಗಿನ ಎರಡು ಮೂಲೆಗಳಿಗೆ ರಬ್ಬರಿನ ಚಿಕ್ಕ ಬಿಲ್ಲೆಗಳನ್ನಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡುವುದು. ಕಸೂತಿಯಾಗಲಿ ಚಿತ್ರವಾಗಲಿ ಗಾಜಿಗೆ ತಾಗದಂತೆ ಒಳಗೆ ದಪ್ಪ ರಟ್ಟಿನ ಅಂಚನ್ನು, ಆಮ್ಲವಿಲ್ಲದ್ದನ್ನು, ಹಾಕಿಸಿರಿ. ವರ್ಷಕ್ಕೆರಡು ಬಾರಿ ಪಟಗಳನ್ನಿಳಿಸಿ, ಗೆದ್ದಲು ಹುಳುಗಳನ್ನು ನೋಡಿ, ದಾರವನ್ನು ಎಳೆದು ಪರೀಕ್ಷಿಸಿರಿ.

೬. ಬಾಡಿಗೆಯ ಮನೆಯಲ್ಲಿರುವವರಿಗೆ

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳಿಂದ ಹೆಸರಾದ ಬಿ. ಟಿ. ಎಂ. ಲೇಔಟಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರನೇಕರು ಉದ್ಯೋಗದ ನಿಮಿತ್ತ ಬಾಡಿಗೆಗೆ ಇರುವರು. “ಮನೆಯ ಯಜಮಾನರು ಮೊಳೆ ಹೊಡೆಯಕೂಡದೆಂದಿದ್ದಾರೆ, ಮಿಸ್” ಎನ್ನುವರು. ಅವರ ಗೋಡೆ, ಅವರ ಮಾತು, ಅದನ್ನು ಮೀರತಕ್ಕದ್ದಲ್ಲ. ಮೇಜಿನ ಮೇಲಾಗಲಿ ಪುಸ್ತಕದ ಬೀರುವಿನ ಮೇಲಾಗಲಿ ಪಟವನ್ನು ಗೋಡೆಗೆ ಒರಗಿಸಿ ನಿಲ್ಲಿಸಬಹುದು. ಜಾರದಂತೆ ಕೆಳಗೆ ರಬ್ಬರಿನ ತುಂಡಿರಲಿ. ಹಿಂದಿನ ಬಾಡಿಗೆಯವರು ಬಿಟ್ಟುಹೋದ ಮೊಳೆಯಿದ್ದರೆ ಅದರ ಕೆಳಗೆ ಪೀಠೋಪಕರಣವನ್ನೇ ಸರಿಸಿಕೊಳ್ಳಬಹುದು. ಅಂಟಿಸುವ ಕೊಕ್ಕೆಗಳು ನಯವಾದ ಹೆಂಚಿನ ಮೇಲೆ ಹಿಡಿಯುವಂತೆ ಸುಣ್ಣ ಬಳಿದ ಗೋಡೆಯಲ್ಲಿ ಹಿಡಿಯವು. ಸುಣ್ಣದ ಪೊರೆಯೊಡನೆ ಕಿತ್ತುಬರುವುವು. ಅವುಗಳಿಗೆ ಗಾಜಿನ ಪಟವನ್ನು ನಂಬಬೇಡಿರಿ.

ಉಪಸಂಹಾರ

ಈ ಪಾಠಕ್ಕೆ ಪರೀಕ್ಷೆಯಿಲ್ಲ. ಮನೆಯಲ್ಲಿ ಮಾಡತಕ್ಕ ಕೆಲಸ ಮಾತ್ರವುಂಟು. ಮುಂದಿನ ಭಾನುವಾರ ಅಳತೆಯ ಟೇಪನ್ನು ತೆಗೆದುಕೊಂಡು ನಿಮ್ಮ ಸೋಫಾವನ್ನೂ ಅದರ ಮೇಲಣ ಪಟವನ್ನೂ ಅಳೆಯಿರಿ. ಮಧ್ಯಾಹ್ನ ನಾಲ್ಕು ಗಂಟೆಗೆ ಬಿಸಿಲು ಯಾವ ಗೋಡೆಗೆ ಬೀಳುವುದೆಂದು ನೋಡಿರಿ. ಆ ಗೋಡೆಯಲ್ಲಿ ಯಾರದಾದರೂ ಮುಖವಿದ್ದರೆ ಅಂದೇ ಇಳಿಸಿರಿ. ತರುವಾಯ ಮನೆಯ ಹಿರಿಯ ಹೆಂಗಸರ ಬಳಿಯಲ್ಲಿ ಕುಳಿತು, ಪೆಟ್ಟಿಗೆಯಲ್ಲಿ ಏನಿದೆಯೆಂದು ಕೇಳಿರಿ.

ನನ್ನ ತಾಯಿಯ ಪಟವು ಈಗ ನನ್ನ ಮಲಗುವ ಕೋಣೆಯ ಉತ್ತರದ ಗೋಡೆಯಲ್ಲಿದೆ. ಕಟ್ಟು ಹಾಕುವವನಿಗೆ ಹೇಳಿ, ಆ ಹಸುರು ಪಟ್ಟಿಯೂ ಕಾಣುವಂತೆ ಚೌಕಟ್ಟನ್ನು ತುಸು ದೊಡ್ಡದಾಗಿ ಮಾಡಿಸಿರುವೆನು.